ಹಾಸ್ಟೆಲ್ ವಾರ್ಡನ್‌ಗಳು, ಪಿಯು ಉಪನ್ಯಾಸಕರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಮಾನಸಿಕ ಆರೋಗ್ಯದ ತರಬೇತಿ ಮುಗಿಸಿದವರಿಗೆ ಸಿಗುವುದು ಪ್ರಮಾಣಪತ್ರ, ವೈದ್ಯರ ಪದವಿಯಲ್ಲ. ಗುರುತಿಸಿ, ಕೇಳಿಸಿಕೊಂಡು, ಸರಿಯಾದ ಕಡೆ ತಲುಪಿಸುವವರೆಗೆ ನಿಮ್ಮ ಕೆಲಸ.

ಮಾಡಬೇಕಾದ್ದು

ಮೆಸ್‌ನಲ್ಲಿ ಕಣ್ಣಿಡಿ. ತಟ್ಟೆಯ ಅನ್ನ ಹಾಗೇ ಉಳಿಯುವುದು, ರಾತ್ರಿಯಿಡೀ ಎಚ್ಚರವಿದ್ದು ಬೆಳಗಿನ ಕ್ಲಾಸ್ ತಪ್ಪಿಸುವುದು, ಗೆಳೆಯರನ್ನು ಬಿಟ್ಟು ಒಬ್ಬರೇ ಕೂರುವುದು ಎರಡು ವಾರ ನಡೆದರೆ ಕರೆದು ಮಾತಾಡಿಸಿ. ಇಷ್ಟದ ವಸ್ತುಗಳನ್ನು ಹಂಚಲು ಶುರುಮಾಡಿದರೆ ಅವತ್ತೇ ಮಾತಾಡಿಸಿ. ಅಡುಗೆಯವರನ್ನೂ ವಿಚಾರಿಸಿ, ಎಷ್ಟೋ ಸಲ ಅವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ.

ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯೇನಪ್ಪಾ?" ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. ಅಪಾಯದ ವಸ್ತುಗಳನ್ನು ಕೋಣೆಯಿಂದ ತೆಗೆಸಿ, ಮನೆಯವರಿಗೆ ತಿಳಿಸಿ, ಜೊತೆಗೇ ಹೋಗಿ ಆಸ್ಪತ್ರೆ ಸೇರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಪೊಲೀಸ್ ಕೇಸಾದೀತೆಂದು ಆಸ್ಪತ್ರೆ ತಪ್ಪಿಸುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಓದಿಕೊಳ್ಳಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ. ಅವರಿಗೆ ಬೇಕಾದ್ದು ಆರೈಕೆ, ಶಿಕ್ಷೆಯಲ್ಲ.

ಮಾಡಬಾರದ್ದು

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನಬೇಡಿ. ಇತ್ತು, ಹೇಳಿಕೊಳ್ಳುವವರಿರಲಿಲ್ಲ.

"ಯಾರಿಗೂ ಹೇಳಲ್ಲ" ಎಂದು ಆಣೆ ಮಾಡಬೇಡಿ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಮರ್ಯಾದೆ ಎಂಬ ನೆಪ ಅಲ್ಲಿ ನಡೆಯದು. ಮಕ್ಕಳ ಸಹಾಯವಾಣಿ 1098. ಆದರೆ ತಿಳಿಸಬೇಕಾದವರಿಗಷ್ಟೇ ತಿಳಿಸಿ. ಸ್ಟಾಫ್ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಟಿಸಿ ಕೊಟ್ಟು ಕೈತೊಳೆದುಕೊಳ್ಳಬೇಡಿ.

ಮನೆಯವರು ದೇವಸ್ಥಾನಕ್ಕೆ ಕರೆದೊಯ್ಯುತ್ತೇವೆಂದರೆ ಜಗಳಕ್ಕಿಳಿಯಬೇಡಿ. ಹರಕೆ ಅವರಿಷ್ಟ. ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬಾರದು, ಅಷ್ಟನ್ನು ಮಾತ್ರ ಬಿಟ್ಟುಕೊಡಬೇಡಿ.

ದ್ವಿತೀಯ ಪಿಯು ಫಲಿತಾಂಶದ ದಿನ ಫೋನ್ ಸ್ವಿಚ್ ಆಫ್ ಮಾಡಬೇಡಿ. ಆತಂಕವಿರುವ ಮಕ್ಕಳಿಗೆ, ಅವರು ಊರಲ್ಲಿದ್ದರೂ, ನೀವೇ ಫೋನ್ ಮಾಡಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಫಲಿತಾಂಶದ ಹಿಂದಿನ ವಾರವೇ ಮನೆಯವರಿಗೂ ಹೇಳಿರಿ. ಅತ್ತು ಕೂತವರಿಗೆ ವೇಳಾಪಟ್ಟಿ ತಲೆಗೆ ಹೋಗುವುದಿಲ್ಲ.

14416 ಬರೆದ ಫಲಕವನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ತೂಗುಹಾಕಬೇಡಿ. ಕೈತೊಳೆಯುವ ನಲ್ಲಿಯ ಮೇಲೆ ಹಾಕಿ.