ಅಂಗಳದಲ್ಲಿ ಕ್ರೇಪ್ ಮರ್ಟಲ್: ಕತ್ತರಿ ಹಿಡಿಯುವ ಮುನ್ನ



ಬೇಸಿಗೆಯ ಕೊನೆಯಲ್ಲಿ, ಮಳೆ ಶುರುವಾಗುವ ಹೊತ್ತಿಗೆ ಕೆಲವು ಮನೆಗಳ ಗೇಟಿನ ಪಕ್ಕ ಗುಲಾಬಿ, ನೇರಳೆ ಅಥವಾ ಬಿಳಿ ಹೂಗೊಂಚಲು ತುಂಬಿದ ಗಿಡವನ್ನು ನೀವು ನೋಡಿರಬಹುದು. ಶಾಲಾ ವಾರ್ಷಿಕೋತ್ಸವದ ಅಲಂಕಾರಕ್ಕೆ ತರುವ ಕ್ರೇಪ್ ಕಾಗದದಂತೆ ಅದರ ದಳಗಳು ಸುಕ್ಕುಸುಕ್ಕು. ಅದೇ ಕ್ರೇಪ್ ಮರ್ಟಲ್. ಸಸ್ಯಶಾಸ್ತ್ರದಲ್ಲಿ ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾ. ನಮ್ಮ ಹೊಳೆದಾಸವಾಳವೂ ಇದೇ ಕುಲದ ಮರ. ಕೈಗೆ ಹಚ್ಚುವ ಮದರಂಗಿ, ತಿನ್ನುವ ದಾಳಿಂಬೆ ಇದೇ ಲಿತ್ರೇಸಿ ಕುಟುಂಬದವು. ಇದರ ತೊಗಟೆ ಸುಲಿದು ಕಾಂಡ ನುಣುಪಾಗುತ್ತದೆ; ಅದಕ್ಕೇ ಜಪಾನೀಯರು ಇದನ್ನು ‘ಮಂಗವೂ ಜಾರುವ ಮರ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ನೆಡುವುದು ಹೇಗೆ?

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ನೆರಳಲ್ಲಿ ಹೂ ಕಡಿಮೆ. ಎಲೆಗಳ ಮೇಲೆ ಬಿಳಿ ಪುಡಿಯಂತಹ ಬೂದಿ ರೋಗವೂ ಬರುತ್ತದೆ. ಮುಂಗಾರಿನ ಆರಂಭದಲ್ಲಿ ಗುಂಡಿ ತೋಡಿ, ಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಸಾರಜನಕದ ಗೊಬ್ಬರ ಅತಿಯಾದರೆ ಎಲೆ ಸೊಂಪಾಗುತ್ತದೆ, ಹೂ ಕಡಿಮೆಯಾಗುತ್ತದೆ. ಮೊದಲ ಎರಡು ಬೇಸಿಗೆ ತಪ್ಪದೆ ನೀರು ಹಾಕಿ. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಮರಳು ಬೆರೆತ ಮಣ್ಣಿನಲ್ಲಿ ಊರಿ ಹೊಸ ಗಿಡವನ್ನೂ ಮಾಡಿಕೊಳ್ಳಬಹುದು.

ನಾನು ಮಾಡಿದ ತಪ್ಪು

ಗಿಡ ನೆಡುವಾಗ ಅದು ಎಷ್ಟು ಎತ್ತರ ಬೆಳೆಯುತ್ತದೆ ಎಂದು ನಾನು ವಿಚಾರಿಸಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಅದು ಸಜ್ಜಾ ಮುಟ್ಟಿತು. ಸೊಂಟದೆತ್ತರಕ್ಕೆ ಕಡಿಸಿಬಿಟ್ಟೆ. ಮೋಟುಗಳಿಂದ ತೆಳ್ಳಗಿನ ಚಿಗುರುಗಳು ಗುಂಪಾಗಿ ಎದ್ದವು, ತುದಿಯಲ್ಲಿ ದೊಡ್ಡ ಗೊಂಚಲೂ ಬಂತು. ಮೊದಲ ಜೋರು ಮಳೆಗೆ ನೆನೆದ ಹೂವಿನ ಭಾರ ತಾಳದೆ ಅರ್ಧಕ್ಕರ್ಧ ಮುರಿದು ಬಿದ್ದವು.

ಕಾರಣವನ್ನು ನಾನೇ ತರಗತಿಯಲ್ಲಿ ಕಲಿಸುತ್ತೇನೆ! ತುದಿಮೊಗ್ಗಿನಲ್ಲಿ ಉಂಟಾಗುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ತಡೆದಿಡುತ್ತದೆ. ಇದೇ ತುದಿ ಪ್ರಾಬಲ್ಯ. ತುದಿ ಕತ್ತರಿಸಿದರೆ ತಡೆ ಹೋಗಿ ಪಕ್ಕದ ಮೊಗ್ಗುಗಳು ಒಟ್ಟಿಗೆ ಚಿಗುರುತ್ತವೆ. ದಪ್ಪ ಮೋಟಿನಿಂದ ಹೀಗೆ ಎದ್ದ ಚಿಗುರಿಗೆ ಬುಡದಲ್ಲಿ ಹಿಡಿತ ಸಾಲದು.

ಸರಿಯಾದ ಕ್ರಮ

ಈ ಗಿಡ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಆದ್ದರಿಂದ ಹೊಸ ಚಿಗುರು ಬರುವ ಮುನ್ನ, ಜನವರಿ-ಫೆಬ್ರವರಿಯಲ್ಲಿ, ಒಣಗಿದ, ಒಂದಕ್ಕೊಂದು ಉಜ್ಜುವ ಸಣ್ಣ ಕೊಂಬೆಗಳನ್ನಷ್ಟೇ ತೆಗೆಯಿರಿ. ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಕತ್ತರಿಸಿದರೆ ಮತ್ತೊಮ್ಮೆ ಹೂ ಬರುವುದುಂಟು. ಜಾಗ ಚಿಕ್ಕದಿದ್ದರೆ ನರ್ಸರಿಯಲ್ಲಿ ಕೇಳಿ ಗಿಡ್ಡ ತಳಿಯನ್ನೇ ತನ್ನಿ.

ಮಾಡಿ ನೋಡಿ: ಮನೆಯಲ್ಲಿರುವ ದಾಸವಾಳ ಅಥವಾ ಮದರಂಗಿಯ ಎರಡು ಕೊಂಬೆಗಳಿಗೆ ದಾರ ಕಟ್ಟಿ. ಒಂದರ ತುದಿ ಮಾತ್ರ ಚಿವುಟಿ. ಒಂದು ತಿಂಗಳು ಎರಡರ ಪಕ್ಕದ ಚಿಗುರುಗಳನ್ನೂ ಎಣಿಸಿ ಬರೆದಿಡಿ. ಪಾಠ ಪರೀಕ್ಷೆಯ ನಂತರವೂ ನೆನಪಿರುತ್ತದೆ.