ನದೀವಿಹಾರಕ್ಕೆ ಹೊರಡುವ ಮುನ್ನ

ವಾರಕ್ಕೊಂದೇ ರಜೆಯುಳ್ಳ ಹತ್ತು ಮಂದಿ ವಂತಿಗೆ ಕೂಡಿಸಿ ದೋಣಿವಿಹಾರಕ್ಕೆ ಹೊರಡುವುದಾದರೆ, ಮೊದಲು ಆ ನದಿಯ ನೀರಿನ ಮೂಲವನ್ನು ತಿಳಿಯತಕ್ಕದ್ದು.

ನಮ್ಮ ಸಮೀಪದ ಉಲ್ಹಾಸ ನದಿ ಮಳೆಗಾಲದಲ್ಲಿ ಘಟ್ಟದ ಮಳೆಗೆ ಉಕ್ಕುತ್ತದೆ. ಠಾಕುರ್ಲಿಯಲ್ಲಿ ಮಳೆ ನಿಂತಿದೆಯೆಂದು ನಂಬುವಂತಿಲ್ಲ. 2019ರ ಜುಲೈ 27ರಂದು ಇದರ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿಗಳ ನಡುವೆ ಸಿಲುಕಿ, ಸಾವಿರದಷ್ಟು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು.

ಕೋಲಾಡಿನ ಕುಂಡಲಿಕಾ ನದಿಯ ರೀತಿ ಬೇರೆ. ಮುಳಶಿ ಜಲಾಶಯದ ನೀರು ಘಟ್ಟವಿಳಿದು, ಭಿರಾದಲ್ಲಿ ವಿದ್ಯುತ್ತು ಕೊಟ್ಟು, ಬಳಿಕ ಈ ನದಿಯನ್ನು ಸೇರುತ್ತದೆ. ಬೆಳಗ್ಗೆ ನೀರು ಬಿಟ್ಟರೆ ವಿಹಾರ, ಬಿಡದಿದ್ದರೆ ಇಲ್ಲ. ನಮ್ಮ ದಾಂಡೇಲಿಯ ಕಾಳಿ ನದಿಯಲ್ಲಿಯೂ ಸೂಪಾ ಅಣೆಕಟ್ಟಿನ ನೀರನ್ನೇ ಕಾಯಬೇಕು.

ಆದುದರಿಂದ ಈ ಕ್ರಮ ಅನುಸರಿಸಿರಿ:

1. ಮುಂಗಡ ಕೊಡುವ ಮೊದಲೇ, ವಿಹಾರ ರದ್ದಾದರೆ ಹಣ ಮರಳುವ ಷರತ್ತನ್ನು ಬರೆಯಿಸಿಕೊಳ್ಳಿರಿ.

2. ಹಿಂದಿನ ಸಂಜೆ ಮೂರನ್ನು ವಿಚಾರಿಸಿರಿ: ನೀರು ಬಿಡುವರೇ? ಹವಾಮಾನ ಇಲಾಖೆಯ ಎಚ್ಚರಿಕೆ ಯಾವ ಬಣ್ಣದ್ದು? ಭಾನುವಾರದ ಮೆಗಾಬ್ಲಾಕ್ ಯಾವ ಮಾರ್ಗದಲ್ಲಿ?

3. ಎಚ್ಚರಿಕೆ ಕಿತ್ತಳೆ ಅಥವಾ ಕೆಂಪಾಗಿದ್ದರೆ, ಇಲ್ಲವೆ ಜಿಲ್ಲಾಧಿಕಾರಿಗಳ ನಿಷೇಧವಿದ್ದರೆ, ಚರ್ಚೆಯಿಲ್ಲದೆ ರದ್ದು.

4. ರದ್ದುಮಾಡುವ ಅಧಿಕಾರವನ್ನು ಮೊದಲೇ ಒಬ್ಬರಿಗೆ ವಹಿಸಿರಿ. ಅದೇ ದಿನಕ್ಕೆ ಖರ್ಚಿಲ್ಲದ ಬೇರೊಂದು ಕಾರ್ಯಕ್ರಮವನ್ನೂ ಗೊತ್ತುಮಾಡಿಡಿರಿ.

5. ಈಜು ಬಲ್ಲವರೂ ಜೀವರಕ್ಷಕ ಅಂಗಿಯನ್ನು ಧರಿಸತಕ್ಕದ್ದು.

ನದಿಯ ದಡದಲ್ಲಿ ನಿಂತಾಗ "ಇಷ್ಟು ಹಣ ಕೊಟ್ಟು ಬಂದಾಯಿತಲ್ಲ" ಎಂಬ ಮಾತು ವಿವೇಕವನ್ನು ಮರೆಸುತ್ತದೆ. ಅದಕ್ಕಾಗಿಯೇ ನಿರ್ಧಾರವು ಮನೆಯಲ್ಲಿದ್ದಾಗಲೇ ಆಗಿರಬೇಕು. ಹೋದ ವಂತಿಗೆಯನ್ನು ಮುಂದಿನ ಸಂಬಳದಲ್ಲಿ ತುಂಬಿಕೊಳ್ಳಬಹುದು. ಊರಿನಲ್ಲಿ ಮನಿಯಾರ್ಡರಿಗೆ ಕಾದವರಿಗೆ ನಮ್ಮ ಜೀವವನ್ನು ತುಂಬಿಕೊಡುವವರಿಲ್ಲ.