ಇನ್ನೊಂದು ಆಪರೇಷನ್‌ಗೆ ಒಪ್ಪುವ ಮುಂಚೆ

ನೋಡು ಮಗಳೇ, ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಬಂದ ಮೇಲೆ ಮನೆಯಲ್ಲಿ ಯಾರೂ ನಿನ್ನ ನೋವನ್ನ ನಂಬ್ತಿಲ್ಲ ಅಂದೆಯಲ್ಲ, ನಾನು ನಂಬ್ತೀನಿ. ಸರ್ಜಿಕಲ್ ವಾರ್ಡಿನಲ್ಲಿ ನರ್ಸಾಗಿ ಕೆಲಸ ಮಾಡಿದವಳು ನಾನು. ಕರುಳು ಗರ್ಭಕೋಶಕ್ಕೋ ಹೊಟ್ಟೆಯ ಒಳಗೋಡೆಗೋ ಅಂಟಿಕೊಂಡಿದ್ದರೆ ಸ್ಕ್ಯಾನಿಂಗಿನಲ್ಲಿ ಬಹಳ ಸಲ ಕಾಣೋದೇ ಇಲ್ಲ.

ನಿನಗೆ ಆಗಿರೋದು ಎರಡು ಸಿಸೇರಿಯನ್, ನಡುವೆ ಅಪೆಂಡಿಕ್ಸ್ ಆಪರೇಷನ್. ಹೊಟ್ಟೆಯೊಳಗಿನ ತೆಳು ಪೊರೆಗೆ ಪೆಟ್ಟಾದಾಗ ಅಲ್ಲಿ ಅಂಟು ಒಸರುತ್ತೆ. ಕೆಲವೇ ದಿನದಲ್ಲಿ ಅದು ಕರಗಬೇಕು. ಕರಗದೆ ಉಳಿದರೆ ಪಟ್ಟಿಯ ಹಾಗೆ ಗಟ್ಟಿಯಾಗುತ್ತೆ. ಹೊಟ್ಟೆ ಕೊಯ್ಸಿಕೊಂಡವರಲ್ಲಿ ಹೆಚ್ಚಿನವರಿಗೆ ಇದು ಒಂದಿಷ್ಟಾದರೂ ಇರುತ್ತೆ, ಬಹಳ ಜನಕ್ಕೆ ಗೊತ್ತೂ ಆಗೋದಿಲ್ಲ. ಬಾಣಂತನದಲ್ಲಿ ಪಥ್ಯ ತಪ್ಪಿದ್ದಕ್ಕೆ ಹೀಗಾಯ್ತು ಅನ್ನೋ ನಿಮ್ಮತ್ತೆ ಮಾತನ್ನ ಮನಸ್ಸಿಗೆ ಹಚ್ಕೋಬೇಡ.

ಹಿಂದೆ ಆಪರೇಷನ್ ಮಾಡಿ ಈ ಅಂಟು ಬಿಡಿಸಿದ್ದರು, ಅದು ಮತ್ತೆ ಅಂಟಿದೆ, ಇನ್ನೊಂದು ಸಲ ಬಿಡಿಸ್ಕೊಳ್ಳಲಾ ಅಂತ ಕೇಳಿದೆ. ನೋವೊಂದಕ್ಕೇ ಆದರೆ ಆತುರ ಬೇಡ ಕಣೇ. ನೆದರ್ಲೆಂಡ್ಸಿನ ಡಾಕ್ಟರುಗಳು ಇಂಥದೇ ನೋವಿನ 100 ಜನರನ್ನ ಪರೀಕ್ಷೆಗೆ ತಗೊಂಡಿದ್ದರು. ಎಲ್ಲರಿಗೂ ಲ್ಯಾಪರೋಸ್ಕೋಪಿ ಮಾಡಿ, ಸುಮಾರು ಅರ್ಧ ಜನಕ್ಕೆ ಅಂಟು ಬಿಡಿಸಿದರು, ಉಳಿದವರಿಗೆ ಬರೀ ನೋಡಿ ಮುಚ್ಚಿದರು. ಯಾರಿಗೆ ಯಾವುದು ಅಂತ ಹೇಳಲಿಲ್ಲ. ವರ್ಷ ಕಳೆದ ಮೇಲೆ ನೋಡಿದರೆ ಎರಡೂ ಗುಂಪಿನವರ ನೋವು ಹೆಚ್ಚುಕಮ್ಮಿ ಒಂದೇ ಸಮ ಇಳಿದಿತ್ತು. 2003ರಲ್ಲೇ ‘ಲ್ಯಾನ್ಸೆಟ್’ನಲ್ಲಿ ಬಂದ ವಿಷಯ ಇದು. ಇಷ್ಟಕ್ಕೂ ಪ್ರತಿ ಆಪರೇಷನ್ನೂ ಒಳಗೊಂದು ಹೊಸ ಗಾಯ, ಅಲ್ಲಿ ಮತ್ತೆ ಅಂಟೋದಕ್ಕೆ ಜಾಗ. ‘ಮಕ್ಕಳಾಯ್ತಲ್ಲ, ಗರ್ಭಕೋಶನೇ ತೆಗೆಸಿಬಿಡು’ ಅಂತ ಯಾರಾದರೂ ಸಲೀಸಾಗಿ ಹೇಳಿದರೆ, ಯಾವ ಕಾಯಿಲೆಗೆ ಅಂತ ಕೇಳು. ಎಂಡೊಮೆಟ್ರಿಯೋಸಿಸ್ಸೋ ಹೊಟ್ಟೆಯ ಟಿಬಿಯೋ ಇದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಹಳೇ ಆಪರೇಷನ್ ನೋಟುಗಳ ನಕಲು ತೆಗೆಸಿಟ್ಕೋ. ಒಳಗೆ ಏನು ಕಂಡಿತು ಅಂತ ಅದರಲ್ಲೇ ಬರೆದಿರುತ್ತಾರೆ, ಡಿಸ್ಚಾರ್ಜ್ ಚೀಟಿಯಲ್ಲಿ ಅಷ್ಟು ಇರೋಲ್ಲ.

ಒಂದು ವಿಷಯದಲ್ಲಿ ಮಾತ್ರ ತಡಮಾಡಲೇಬೇಡ. ಬಿಟ್ಟುಬಿಟ್ಟು ಹಿಂಡೋ ನೋವು, ಹೊಟ್ಟೆ ಉಬ್ಬರ, ವಾಂತಿ, ಮಲವೂ ಗ್ಯಾಸೂ ಹೊರಗೆ ಹೋಗದೆ ಇರೋದು. ಹೀಗಾದರೆ ಕರುಳು ಸಿಕ್ಕಿಕೊಂಡಿರಬಹುದು. ಗ್ಯಾಸ್ಟ್ರಿಕ್ ಅಂದುಕೊಂಡು ಓಮದ ಕಷಾಯ ಕುಡೀಬೇಡ, ಹರಳೆಣ್ಣೆಯಂತೂ ಮುಟ್ಟಲೇಬೇಡ. ನಡುರಾತ್ರಿಯಾದರೂ ಸರ್ಜನ್ ಇರೋ ಆಸ್ಪತ್ರೆಗೆ ಹೋಗು. ಆಗ ಆಪರೇಷನ್ ಬೇಕು ಅಂದರೆ ಬೇಕೇ.

ಉಳಿದ ದಿನ ಸ್ವಲ್ಪಸ್ವಲ್ಪ ಊಟ, ನಾಲ್ಕೈದು ಹೊತ್ತು. ಹೊಟ್ಟೆ ಬಿಗಿದ ದಿನ ಮೆತ್ತನೆ ಅನ್ನ, ತಿಳಿಸಾರು ಸಾಕು. ನುಗ್ಗೆಕಾಯಿ, ಹಲಸಿನ ತೊಳೆ ಆಮೇಲೆ ನೋಡೋಣ.

ನರದ ನೋವಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಿದ್ದರಂತೆ, ಮೆಡಿಕಲ್ ಶಾಪಿನವನು ‘ಇದು ಡಿಪ್ರೆಷನ್ ಮಾತ್ರೆ’ ಅಂದ ಅಂತ ನೀನು ಬಿಟ್ಟೆ. ಕಮ್ಮಿ ಪ್ರಮಾಣದಲ್ಲಿ ಅದನ್ನ ನೋವಿಗೂ ಕೊಡ್ತಾರಮ್ಮ. ವರ್ಷಗಟ್ಟಲೆ ನೊಂದ ನರಗಳು ಸಣ್ಣ ಸೆಳೆತವನ್ನೂ ದೊಡ್ಡ ನೋವು ಮಾಡಿ ತೋರಿಸ್ತವೆ. ಮಾತ್ರೆಯಿಂದ ಬಾಯಿ ಒಣಗಿದರೆ, ಮಲ ಕಟ್ಟಿದರೆ ಡಾಕ್ಟರಿಗೆ ಹೇಳು, ಬದಲಾಯಿಸ್ತಾರೆ. ನೋವಿಗೆ ಹೆದರಿ ಕೆಳಹೊಟ್ಟೆಯ ಮಾಂಸಖಂಡಗಳೂ ಸದಾ ಬಿಗಿದೇ ಇರ್ತವೆ. ಅದನ್ನ ಸಡಿಲ ಮಾಡೋದು ಕಲಿಸೋ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ, ಪೆಲ್ವಿಕ್ ಫ್ಲೋರ್ ಅಂತ ಕೇಳಿ ಹೋಗು.

ಗಂಡನ ಹತ್ತಿರ ಮಲಗೋದೂ ನೋವು ಅಂತ ತಲೆ ತಗ್ಗಿಸಿ ಹೇಳಿದೆ. ಅದೂ ಈ ಕಾಯಿಲೆಯದ್ದೇ, ಡಾಕ್ಟರಿಗೆ ಹೇಳಬೇಕಾದ್ದೇ. ಮುಂದಿನ ಸಲ ಅವನನ್ನೂ ಕರ್ಕೊಂಡು ಹೋಗು, ಡಾಕ್ಟರ ಬಾಯಿಂದಲೇ ಕೇಳಲಿ. ಮಕ್ಕಳನ್ನ ಅವತ್ತು ನನ್ನ ಹತ್ತಿರ ಬಿಡು.